ಹಳೇ ಎಂಜಿಬಿ ಬಿಸಿಯಾಗ್ತಿದೆಯಾ? ಸಾಮಾನು ತರೋ ಮುಂಚೆ ಈ ಕ್ರಮದಲ್ಲಿ ಹುಡುಕಿ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರೇಡಿಯೇಟರ್ ಹೊಸದು ಹಾಕಿಸಿದೆ. ಥರ್ಮೋಸ್ಟಾಟ್ ಬದಲಾಯಿಸಿದೆ. ವಾಟರ್ ಪಂಪ್ ಕೂಡ ಹೊಸದು. ಆದ್ರೂ ಬಿಸಿ ತೋರಿಸೋ ಮೀಟರ್‌ನ ಮುಳ್ಳು ಮೇಲೇ ಹೋಗುತ್ತೆ. ಇನ್ನೇನು ಬದಲಾಯಿಸ್ಲಿ?"

ಸದ್ಯಕ್ಕೆ ಏನೂ ಬದಲಾಯಿಸಬೇಡಿ. ಇಲ್ಲಿ ಎಡವುವವರೆಲ್ಲ ಒಂದೇ ಕಡೆ ಎಡವುತ್ತಾರೆ: ಪರೀಕ್ಷೆ ಮಾಡುವ ಮೊದಲೇ ಸಾಮಾನು ತರುತ್ತಾರೆ. ಅದೂ ದುಬಾರಿ ಸಾಮಾನಿನಿಂದ ಶುರು. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಬಿಚ್ಚುವ ಕೆಲಸ ಆಮೇಲೆ, ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ದಯವಿಟ್ಟು ಹಾರಿಸಿಕೊಂಡು ಹೋಗಬೇಡಿ.

ಇದು 1962ರಿಂದ 1980ರವರೆಗೆ ತಯಾರಾದ, 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿಬಿಗೆ ಬರೆದದ್ದು. ಎಂಟು ಸಿಲಿಂಡರ್‌ನ ವಿ8 ಇರುವವರಿಗೆ ಎಲ್ಲವೂ ಹೊಂದುವುದಿಲ್ಲ. ಇದರೊಳಗಿರುವುದು ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ವಂಶದ್ದು. ಹಾಗಾಗಿ ಊರಲ್ಲಿ ಎಂಜಿಬಿ ಇಟ್ಟುಕೊಂಡವರು ಅಂಬಾಸಿಡರ್ ಕಾಲದ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ, ಅವರ ಕೈಗೆ ಈ ಎಂಜಿನ್ ಗೊತ್ತು. ಅವರ ಒಂದು ಅಭ್ಯಾಸದ ಬಗ್ಗೆ ಮಾತ್ರ ಹುಷಾರಾಗಿರಬೇಕು, ಅದನ್ನು ಏಳನೇ ಹಂತದಲ್ಲಿ ಹೇಳುತ್ತೇನೆ.

## ಕೈ ಹಾಕುವ ಮುಂಚೆ

ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಮೇಲಿನ ಹೋಸ್ ಹಿಂಡಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇದೆ ಅಂತ ಅರ್ಥ, ಇನ್ನೂ ಕಾಯಿರಿ. ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಉಸ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ನೆಲದ ಮೇಲೆ ಚೆಲ್ಲಿದ್ದನ್ನು ಆಗಲೇ ತೊಳೆಯಿರಿ, ಹಳೆಯದನ್ನು ಚರಂಡಿಗೆ ಸುರಿಯಬೇಡಿ.

ಬೇಕಾಗುವ ಸಲಕರಣೆ ಜಾಸ್ತಿ ಇಲ್ಲ:

- ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್
- ಟೈಮಿಂಗ್ ಲೈಟ್ (ಪ್ಲಗ್‌ನಲ್ಲಿ ಕಿಡಿ ಬರುವ ಹೊತ್ತು, ಅಂದರೆ ಟೈಮಿಂಗ್, ನೋಡುವ ದೀಪ)
- ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್
- ಕೂಲಿಂಗ್ ಸಿಸ್ಟಂಗೆ ಗಾಳಿ ಹೊಡೆದು ನೋಡುವ ಪ್ರೆಷರ್ ಟೆಸ್ಟರ್
- ನೀಲಿ ದ್ರವದ ಹೆಡ್ ಗ್ಯಾಸ್ಕೆಟ್ ಟೆಸ್ಟರ್ (ಹೆಡ್ ಅಂದರೆ ಸಿಲಿಂಡರ್‌ಗಳ ಮೇಲಿನ ಲೋಹದ ಮುಚ್ಚಳ, ಗ್ಯಾಸ್ಕೆಟ್ ಅಂದರೆ ಅದರ ಅಡಿಯ ಸೀಲ್)
- ಅಡುಗೆಮನೆಯ ಥರ್ಮಾಮೀಟರ್, ಹಳೇ ಪಾತ್ರೆ, ಗಟ್ಟಿ ತಂತಿ, ಕಪ್ಪು ಇನ್ಸುಲೇಷನ್ ಟೇಪು

ಪ್ರೆಷರ್ ಟೆಸ್ಟರ್ ಮತ್ತು ಗ್ಯಾಸ್ಕೆಟ್ ಟೆಸ್ಟರ್ ಕೊಳ್ಳಲೇಬೇಕಿಲ್ಲ. ಅಮೆರಿಕದಲ್ಲಿರುವವರಿಗೆ ದೊಡ್ಡ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಕೊಡುತ್ತವೆ. ಊರಲ್ಲಾದರೆ ಒಳ್ಳೇ ಗ್ಯಾರೇಜಿನವರನ್ನು ಕೇಳಿ.

## ಹಂತ 1: ಎಂಜಿನ್ ನಿಜಕ್ಕೂ ಬಿಸಿಯಾಗಿದೆಯಾ?

ಮುಳ್ಳು ಹೇಳಿದ್ದನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ. ಎಂಜಿಬಿಯಲ್ಲಿ ಎರಡು ಥರದ ಮೀಟರ್ ಬಂದಿವೆ. ಹಳೆಯದರಲ್ಲಿ ಎಂಜಿನ್‌ನಿಂದ ಮೀಟರ್‌ವರೆಗೆ ಸಣ್ಣ ಲೋಹದ ಕೊಳವೆ ಬರುತ್ತದೆ. ಇನ್ನೊಂದು ಥರದ್ದರಲ್ಲಿ ಹೆಡ್ಡಿನಲ್ಲಿರುವ ಸೆಂಡರ್‌ನಿಂದ (ಬಿಸಿ ಗುರುತಿಸುವ ಭಾಗ) ಬರೀ ವೈರ್. ಎರಡೂ ಸುಳ್ಳು ಹೇಳಬಲ್ಲವು.

ವೈರ್ ಇರುವ ಮೀಟರ್‌ಗೂ ಪೆಟ್ರೋಲ್ ಮೀಟರ್‌ಗೂ ಕರೆಂಟ್ ಕೊಡುವುದು ಡ್ಯಾಶ್ ಹಿಂದಿನ ಒಂದೇ ವೋಲ್ಟೇಜ್ ಸ್ಟೆಬಿಲೈಜರ್. ಅದು ಸುಮಾರು 10 ವೋಲ್ಟ್ ಕೊಡಬೇಕು. ಕೆಟ್ಟು 12, 13 ವೋಲ್ಟ್ ಬಿಡತೊಡಗಿದರೆ ಎರಡೂ ಮುಳ್ಳು ಒಟ್ಟಿಗೆ ಮೇಲೇಳುತ್ತವೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ಮುಕ್ಕಾಲು ತೋರಿಸಿ, ಜತೆಗೆ ಎಂಜಿನ್ ಬಿಸಿ ಅಂತಲೂ ತೋರಿಸಿದರೆ ರೇಡಿಯೇಟರ್ ಮುಟ್ಟಬೇಡಿ. ತಪ್ಪು ಡ್ಯಾಶ್ ಹಿಂದಿದೆ. ಹಾಗೆಯೇ ಸೆಂಡರ್ ವೈರ್‌ನ ಸಿಪ್ಪೆ ಸವೆದು ಬಾಡಿಗೆ ತಗುಲಿದರೆ ಮುಳ್ಳು ನೇರ ಕೊನೆಗೆ ಹೋಗಿ ನಿಲ್ಲುತ್ತದೆ. ತಣ್ಣನೆ ಎಂಜಿನ್‌ನಲ್ಲೂ ಹೀಗಾದರೆ ಕಾರಣ ಇದೇ.

ಈಗ ಅಳತೆ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಕೂತಿರುವ ಲೋಹದ ಗೂಡು, ಅಂದರೆ ಅದರ ಮನೆಯ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿ, ಅದರ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗುರಿ ಇಡಿ. ಟೇಪು ಇಲ್ಲದೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇರುವುದಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. "ಗನ್‌ನಲ್ಲಿ 60 ಡಿಗ್ರಿ ಅಷ್ಟೇ ಬಂತು" ಅನ್ನುವವರು ಬಹುಪಾಲು ಹೊಳೆಯುವ ಲೋಹ ನೋಡಿದವರೇ.

82 ಡಿಗ್ರಿ ಥರ್ಮೋಸ್ಟಾಟ್ ಇರುವ ಕಾರು ಬಿಸಿಲಲ್ಲಿ 85, 95 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಎಂಜಿನ್ ನಿಲ್ಲಿಸಿದ ಮೇಲೆ ಐದು ನಿಮಿಷ ಮುಳ್ಳು ಏರುವುದೂ ಸಹಜ. ಪಂಪ್ ನಿಂತಿದೆ, ಹೆಡ್ಡಿನ ಬಿಸಿ ಅಲ್ಲೇ ನಿಂತ ನೀರಿಗೆ ಇಳಿಯುತ್ತಿದೆ, ಅಷ್ಟೇ. ಓಡುವಾಗ 105 ದಾಟುತ್ತಾ ಹೋದರೆ, ಅಥವಾ ನೀರು ಹೊರಗೆ ಚೆಲ್ಲಿದರೆ, ಆಗ ಮುಂದಿನ ಹಂತಕ್ಕೆ ಬನ್ನಿ.

## ಹಂತ 2: ಯಾವಾಗ ಬಿಸಿಯಾಗುತ್ತೆ ಅಂತ ಬರೆದಿಡಿ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಆದರೂ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಒಂದು ಚೀಟಿ ಇಟ್ಟುಕೊಂಡು ಗಾಡಿ ಓಡಿಸಿ, ನಾಲ್ಕು ಸಂದರ್ಭ ಗಮನಿಸಿ.

ಸಿಗ್ನಲ್‌ನಲ್ಲಿ ನಿಂತಾಗ ಏರಿ, ಹೊರಟ ಮೇಲೆ ಇಳಿದರೆ: ಗಾಳಿಯ ತೊಂದರೆ. ಫ್ಯಾನ್, ಬೆಲ್ಟ್, ರೇಡಿಯೇಟರ್ ಸುತ್ತಲಿನ ಸಂದಿಗಳು, ಐಡಲ್‌ನಲ್ಲಿ ಟೈಮಿಂಗ್. ನೀರಿನ ಹರಿವು ಸರಿ ಇರುತ್ತದೆ.

ಹೈವೇಯಲ್ಲಿ ಸ್ಪೀಡ್ ಹೆಚ್ಚಿದಂತೆ ಏರಿದರೆ: ಫ್ಯಾನ್ ಬಗ್ಗೆ ಯೋಚಿಸಲೇಬೇಡಿ. ಆ ಸ್ಪೀಡಲ್ಲಿ ಫ್ಯಾನ್ ಇಲ್ಲದಿದ್ದರೂ ಗಾಳಿ ಬರುತ್ತದೆ. ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪ್, ಚಪ್ಪಟೆಯಾಗುವ ಕೆಳಗಿನ ಹೋಸ್, ಪೆಟ್ರೋಲ್ ಕಡಿಮೆಯಾದ ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ಇವುಗಳಲ್ಲಿ ಒಂದು.

ಏರು ಹತ್ತುವಾಗ ಮಾತ್ರ: ಟೈಮಿಂಗ್, ಮಿಕ್ಸ್ಚರ್, ಇಲ್ಲವೇ ಹೆಡ್ ಗ್ಯಾಸ್ಕೆಟ್. ಬ್ರೇಕ್ ಹಿಡಿದುಕೊಂಡಿದೆಯಾ ಅಂತಲೂ ನೋಡಿ. ಒಂದು ಸುತ್ತು ಓಡಿಸಿ ಬಂದು ನಾಲ್ಕು ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಕಾವಲಿಯಂತೆ ಕಾದಿದ್ದರೆ ಎಂಜಿನ್ ಪಾಪ ಬ್ರೇಕ್‌ನ ಜತೆ ಗುದ್ದಾಡುತ್ತಿದೆ.

ಚಳಿಯಲ್ಲೂ, ಹೊರಟ ಕೆಲವೇ ನಿಮಿಷದಲ್ಲಿ: ಥರ್ಮೋಸ್ಟಾಟ್ ಮುಚ್ಚಿಕೊಂಡು ನಿಂತಿದೆ, ನೀರಿಲ್ಲ, ಅಥವಾ ಗ್ಯಾಸ್ಕೆಟ್ ಹೋಗಿದೆ. ಇನ್ನೊಂದು ಸಲ ಓಡಿಸಿ ನೋಡುವುದು ಬೇಡ.

## ಹಂತ 3: ನೀರಿನ ಮಟ್ಟ, ಕ್ಯಾಪ್, ಸೋರಿಕೆ

ಶುರುವಿನ ಎಂಜಿಬಿಗಳಲ್ಲಿ ಎಕ್ಸ್‌ಪಾನ್ಷನ್ ಟ್ಯಾಂಕ್ ಇಲ್ಲ. ರೇಡಿಯೇಟರ್ ಕತ್ತಿನವರೆಗೆ ತುಂಬಿಸಿದರೆ ಬಿಸಿಯಾದ ಕೂಡಲೇ ಹಿಗ್ಗಿದ ನೀರು ಪೈಪಿನಿಂದ ರಸ್ತೆಗೆ ಬೀಳುತ್ತದೆ. ಮಾಲೀಕರು "ಕುದೀತಿದೆ" ಅಂತ ಗಾಬರಿಯಾಗಿ ಮತ್ತೆ ತುಂಬಿಸುತ್ತಾರೆ, ಮತ್ತೆ ಬೀಳುತ್ತದೆ. ತಣ್ಣಗಿದ್ದಾಗ ಕತ್ತಿನಿಂದ ಸುಮಾರು ಒಂದು ಇಂಚು ಕೆಳಗಿರಲಿ. ಮೊದಲ ಓಟದಲ್ಲಿ ಸ್ವಲ್ಪ ಚೆಲ್ಲಿ, ಆಮೇಲೆ ಅದೇ ಮಟ್ಟದಲ್ಲಿ ನಿಂತರೆ ನಿಮ್ಮ ಕಾರಿಗೆ ಏನೂ ಆಗಿಲ್ಲ.

ಕ್ಯಾಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕುಕ್ಕರ್ ಕೆಲಸ ಮಾಡುವ ರೀತಿಯೇ ಇದರದ್ದೂ: ಒತ್ತಡ ಹೆಚ್ಚಿದಷ್ಟೂ ನೀರು ತಡವಾಗಿ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ 7 ಪಿಎಸ್‌ಐ (ಕ್ಯಾಪ್ ತಡೆಯುವ ಒತ್ತಡದ ಅಳತೆ) ಕ್ಯಾಪ್ ಇದ್ದರೆ ಬರೀ ನೀರು ಕುದಿಯುವುದು ಸುಮಾರು 111 ಡಿಗ್ರಿಗೆ, 10 ಪಿಎಸ್‌ಐಗೆ 115, 15ಕ್ಕೆ 121. ಕ್ಯಾಪ್‌ನ ಸ್ಪ್ರಿಂಗ್ ಸೋತಿದ್ದರೆ 100ಕ್ಕೇ ಕುದಿಯುತ್ತದೆ. ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಲ್ಲಿ 97ಕ್ಕೇ ಕುದಿಯುತ್ತದೆ, ಅಂದರೆ ಎಂಜಿನ್ ಆರೋಗ್ಯವಾಗಿ ಓಡುವ ಬಿಸಿಗೂ ಕುದಿಗೂ ನಡುವೆ ಜಾಗವೇ ಉಳಿಯುವುದಿಲ್ಲ. ಇನ್ನೂ ಎತ್ತರದಲ್ಲಿರುವ ಅಮೆರಿಕದ ಡೆನ್ವರ್ ಕಡೆಯವರಿಗೆ ಇನ್ನೂ ಕಷ್ಟ.

ಕ್ಯಾಪ್ ತಿರುಗಿಸಿ ರಬ್ಬರ್ ನೋಡಿ. ಉಂಗುರದ ಗುರುತು ಆಳವಾಗಿ ಕೊರೆದಿದ್ದರೆ, ಬಿರುಕಿದ್ದರೆ ಎಸೆಯಿರಿ. ಹೊಸದು ತರುವಾಗ ಪಿಎಸ್‌ಐ ನೋಡಿದರೆ ಸಾಲದು, ಒಳಗಿನ ಉದ್ದವೂ ಹೊಂದಬೇಕು. ಮುಕ್ಕಾಲು ಇಂಚಿನದೂ ಒಂದು ಇಂಚಿನದೂ ಅಂಗಡಿಯಲ್ಲಿ ಪಕ್ಕಪಕ್ಕವೇ ಇರುತ್ತವೆ. ಆಳವಾದ ಕತ್ತಿಗೆ ಗಿಡ್ಡ ಕ್ಯಾಪ್ ಹಾಕಿದರೆ ಮೇಲೆ ಚೆನ್ನಾಗಿಯೇ ಕೂರುತ್ತದೆ, ಒಳಗೆ ಸೀಲ್ ತಳ ಮುಟ್ಟಿರುವುದಿಲ್ಲ. ಒತ್ತಡ ನಿಲ್ಲುವುದೇ ಇಲ್ಲ. ಹಾಗಂತ ಹಳೇ ರೇಡಿಯೇಟರ್‌ಗೆ ಬೇಕಂತ ದೊಡ್ಡ ಪಿಎಸ್‌ಐ ಹಾಕಬೇಡಿ. ಬೆಸುಗೆ ಬಿಡುತ್ತದೆ, ಹೀಟರ್ ಸೋರಿ ಕಾಲಬುಡದ ಕಾರ್ಪೆಟ್ ನೆನೆಯುತ್ತದೆ. ನಿಮ್ಮ ವರ್ಷದ ಮ್ಯಾನುಯಲ್‌ನಲ್ಲಿರುವ ಸಂಖ್ಯೆಯೇ ಸಾಕು.

ಆಮೇಲೆ ಪ್ರೆಷರ್ ಟೆಸ್ಟರ್ ಹಾಕಿ ಕ್ಯಾಪ್‌ನ ಮಟ್ಟಕ್ಕೆ ಪಂಪ್ ಮಾಡಿ ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಹುಡುಕಬೇಕಾದ ಜಾಗಗಳು: ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಹೀಟರ್ ಟ್ಯಾಪ್, ಹೋಸ್ ಕ್ಲಿಪ್‌ಗಳು, ಕಾರ್ಪೆಟ್. ಎಲ್ಲೂ ಒದ್ದೆ ಇಲ್ಲದೆ ಒತ್ತಡ ಇಳಿದರೆ ನೀರು ಸಿಲಿಂಡರ್ ಒಳಗೋ ಆಯಿಲ್‌ಗೋ ಹೋಗುತ್ತಿರಬಹುದು. ಆಯಿಲ್ ಡಿಪ್‌ಸ್ಟಿಕ್ ತೆಗೆದು ನೋಡಿ. ಬರೀ ಫಿಲ್ಲರ್ ಕ್ಯಾಪ್ ಕೆಳಗೆ ಸ್ವಲ್ಪ ಬಿಳಿ ನೊರೆ ಇದ್ದರೆ ಅದು ಹತ್ತಿರದ ಓಡಾಟದ ತೇವ. ಡಿಪ್‌ಸ್ಟಿಕ್‌ನಲ್ಲೇ ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.

## ಹಂತ 4: ಹೆಡ್ ಗ್ಯಾಸ್ಕೆಟ್ ಅನುಮಾನ ಈಗಲೇ ಮುಗಿಸಿ

ಇದನ್ನು ಕೊನೆಗೆ ಇಡುವುದು ರೂಢಿ. ಬೇಡ. ಗ್ಯಾಸ್ಕೆಟ್ ಹೋಗಿದ್ದರೆ ಮಿಕ್ಕ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ. ಸಿಲಿಂಡರ್‌ನಿಂದ ನುಗ್ಗುವ ಗ್ಯಾಸ್ ನೀರನ್ನು ಹೊರಗೆ ತಳ್ಳುತ್ತಿರುತ್ತದೆ, ನೀವು ರೇಡಿಯೇಟರ್‌ನ ಮೇಲೆ ದೂರು ಹಾಕುತ್ತಿರುತ್ತೀರಿ.

1. ರಾತ್ರಿಯಿಡೀ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿ. ಎರಡೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದು ಬಿಸಿಯಿಂದ ಬಂದ ಒತ್ತಡ ಅಲ್ಲ. ಇನ್ನೂ ಬಿಸಿಯೇ ಆಗಿಲ್ಲ ಅಲ್ವಾ?

2. ನೀಲಿ ದ್ರವದ ಟೆಸ್ಟರ್ ರೇಡಿಯೇಟರ್ ಕತ್ತಿಗೆ ಒತ್ತಿ ಹಿಡಿದು, ಎಂಜಿನ್ ಬಿಸಿಯಾಗುವವರೆಗೆ ಓಡಲಿ. ಮೊದಲೇ ನೀರು ಸ್ವಲ್ಪ ತೆಗೆದಿರಿ, ದ್ರವದೊಳಗೆ ಕೂಲೆಂಟ್ ಸೇರಿದರೆ ಪರೀಕ್ಷೆ ಕೆಟ್ಟಿತು. ನೀಲಿ ಹೋಗಿ ಹಳದಿಯಾದರೆ ಉರಿದ ಗ್ಯಾಸ್ ನೀರಿಗೆ ಬರುತ್ತಿದೆ.

3. ಕಂಪ್ರೆಷನ್ ನೋಡಿ. ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಿರಿ. ಸಂಖ್ಯೆಗಿಂತ ಹೋಲಿಕೆ ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ತೆಗೆದ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಫಳಫಳ ಇದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ.

ಗ್ಯಾಸ್ಕೆಟ್ ಹೋಗಿದೆ ಅಂತಾದರೆ ಹೆಡ್ಡಿನ ಅಡಿ ಸಮವಾಗಿದೆಯಾ, ಬಿರುಕು ಇದೆಯಾ ಅಂತ ಮೆಷಿನ್ ಶಾಪ್‌ನಲ್ಲಿ ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ಮೂಲ ಹೆಡ್ ನಟ್‌ಗಳಿಗೆ 45ರಿಂದ 50 ಪೌಂಡ್-ಅಡಿ ಬಿಗಿತ. ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಅಲ್ಲದೆ ಹಂತಹಂತವಾಗಿ.

## ಹಂತ 5: ಟೈಮಿಂಗ್ ಮತ್ತು ಮಿಕ್ಸ್ಚರ್

ನೀರಿನ ಕಡೆ ಎಲ್ಲ ಹೊಸದು ಹಾಕಿಯೂ ಬಿಸಿ ಹೋಗದ ಕಾರುಗಳಲ್ಲಿ ನಾನು ಮೊದಲು ನೋಡುವ ಜಾಗ ಇದು. ಕಿಡಿ ತಡವಾಗಿ ಬಂದರೆ ಪೆಟ್ರೋಲ್ ಉರಿಯುವುದೂ ತಡ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟ್ ವಾಲ್ವಿನ ಸುತ್ತ, ಹೆಡ್ಡಿನ ನೀರಿಗೆ ಇಳಿಯುತ್ತದೆ. ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಬಿಸಿ ಹುಟ್ಟುವುದು ನಿಲ್ಲಲ್ಲ.

ಶುರುವಿನ ಎಂಜಿಬಿಗಳಿಗೆ, ಎಂಜಿನ್ ನಿಲ್ಲಿಸಿ ಹೊಂದಿಸುವಾಗ, ಪಿಸ್ಟನ್ ತುದಿ ಮುಟ್ಟುವುದಕ್ಕೆ 10 ಡಿಗ್ರಿ (ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ) ಮುಂಚೆ ಕಿಡಿ ಬರಬೇಕು ಅಂತ ಲೆಕ್ಕ. ಆಮೇಲೆ ವರ್ಷ, ದೇಶಕ್ಕೆ ತಕ್ಕಂತೆ ಬದಲಾಗಿದೆ, ಮ್ಯಾನುಯಲ್ ನೋಡಿ. ಐಡಲ್‌ನಲ್ಲಿ ಸರಿ ಇದ್ದರೆ ಸಾಲದು. ಡಿಸ್ಟ್ರಿಬ್ಯೂಟರ್‌ನ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ವ್ಯಾಕ್ಯೂಮ್ ಪೈಪ್ ಕಳಚಿ ಪೈಪಿನ ಬಾಯಿ ಮುಚ್ಚಿ, ಎಂಜಿನ್ ವೇಗ ನಿಮಿಷಕ್ಕೆ 3500 ಸುತ್ತಿನ ಆಸುಪಾಸಿಗೆ ಏರಿಸಿ ಟೈಮಿಂಗ್ ಲೈಟ್ ಹಿಡಿಯಿರಿ. ಒಟ್ಟು 32 ಡಿಗ್ರಿ ಹತ್ತಿರ ಬರಬೇಕು. 20ರಲ್ಲೇ ನಿಂತರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ತುಂಡುಗಳು ತುಕ್ಕು ಹಿಡಿದು ಅಂಟಿಕೊಂಡಿವೆ. ಬಿಚ್ಚಿ, ತೊಳೆದು, ಒಂದು ಹನಿ ಆಯಿಲ್ ಬಿಟ್ಟರೆ ಬಹಳ ಸಲ ಅಷ್ಟೇ ಸಾಕು. ಹಾಗಂತ ಬೇಕಂತ ಮುಂದಕ್ಕೂ ತಿರುಗಿಸಬೇಡಿ. ಏರಿನಲ್ಲಿ ಟಿಣ್ ಟಿಣ್ ಸದ್ದು ಬಂದರೆ ಪಿಸ್ಟನ್‌ಗೇ ಏಟು.

ಇಲ್ಲೊಂದು ಎಡವಿ ಬೀಳುವ ಗುಂಡಿ ಇದೆ. ಕ್ರ್ಯಾಂಕ್ ಪುಲ್ಲಿಯ ಹೊರಗಿನ ಉಂಗುರ ರಬ್ಬರ್ ಮೇಲೆ ಕೂತಿರುವ ಥರದ್ದಾದರೆ, ರಬ್ಬರ್ ಹಳತಾದಂತೆ ಆ ಉಂಗುರ ಜಾರುತ್ತದೆ. ಅದರ ಜತೆ ಟೈಮಿಂಗ್ ಗುರುತೂ ಜಾರುತ್ತದೆ. ಲೈಟ್ ಹಿಡಿದು ಅಚ್ಚುಕಟ್ಟಾಗಿ ಹೊಂದಿಸಿರುತ್ತೀರಿ, ಸುಳ್ಳು ಗುರುತಿಗೆ. ಮೊದಲನೇ ಪ್ಲಗ್ ತೂತಿನಲ್ಲಿ ಸ್ಟ್ರಾ ಇಳಿಸಿ, ಕೈಯಲ್ಲಿ ಎಂಜಿನ್ ತಿರುಗಿಸಿ, ಪಿಸ್ಟನ್ ಮೇಲಕ್ಕೆ ಬಂದಾಗ ಗುರುತು ಸೊನ್ನೆಯಲ್ಲಿದೆಯಾ ನೋಡಿ.

ಮಿಕ್ಸ್ಚರ್‌ಗೆ ಬಂದರೆ, ಪ್ಲಗ್ ತುದಿ ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬುರೇಟರ್ ಬುಡ, ಕಾರ್ಬುರೇಟರ್ ಒಳಗಿನ ಶಾಫ್ಟ್ ಇಲ್ಲೆಲ್ಲ ಗಾಳಿ ನುಗ್ಗಬಹುದು. ಇಂದಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 10 ಶೇಕಡ, ಭಾರತದಲ್ಲಿ ಈಗ 20ರವರೆಗೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಹಿಂದೆ ಸರಿಯಿದ್ದ ಎಸ್‌ಯು ಕಾರ್ಬುರೇಟರ್ ಈಗ ಅದೇ ಸೆಟ್ಟಿಂಗ್‌ನಲ್ಲಿ ಗಾಳಿ ಜಾಸ್ತಿಯಾಗಿ ಓಡುತ್ತದೆ. ಜೆಟ್ ನಟ್ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಿರುಗಿಸಿ, ಓಡಿಸಿ, ಪ್ಲಗ್ ನೋಡಿ. ಕಂದು ಬಣ್ಣ ಬಂದಲ್ಲಿ ನಿಲ್ಲಿಸಿ. ಹಳೇ ಪೆಟ್ರೋಲ್ ಹೋಸ್‌ಗಳನ್ನೂ ಎಥನಾಲ್ ತಿನ್ನುತ್ತದೆ, ಬಾನೆಟ್ ತೆರೆದಾಗಲೇ ಅವನ್ನೂ ಬಗ್ಗಿಸಿ ನೋಡಿ.

## ಹಂತ 6: ಗಾಳಿಯ ದಾರಿ

ಬೆಲ್ಟ್‌ನ ಉದ್ದನೆಯ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಅದಕ್ಕಿಂತ ಸಡಿಲ ಇದ್ದರೆ ಫ್ಯಾನೂ ಜಾರುತ್ತದೆ, ಪಂಪೂ ಜಾರುತ್ತದೆ.

ಫ್ಯಾನ್ ಹಿಂದುಮುಂದಾಗಿ ಕೂರುವುದು ನೀವು ಅಂದುಕೊಂಡಷ್ಟು ಅಪರೂಪ ಅಲ್ಲ. ಪಂಪ್ ಬದಲಾಯಿಸುವಾಗ ತೆಗೆದು ತಿರುವುಮುರುವು ಹಾಕಿಬಿಡುತ್ತಾರೆ. ಗಾಳಿ ಬರುತ್ತಿರುತ್ತದೆ, ಆದರೆ ಅರ್ಧ ಮಾತ್ರ. 1977ರ ಮಾದರಿಯಿಂದ ಬಂದ ಕಾರುಗಳಲ್ಲಿ ಎಲೆಕ್ಟ್ರಿಕ್ ಫ್ಯಾನ್ ಇದೆ, ಹಳೆಯದಕ್ಕೂ ಬಹಳ ಜನ ಹಾಕಿಸಿಕೊಂಡಿದ್ದಾರೆ. 1967ರವರೆಗಿನ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರುತ್ತದೆ. ಅದು ಗೊತ್ತಿಲ್ಲದೆ ವೈರ್ ಕೊಟ್ಟರೆ ಮೋಟರ್ ಉಲ್ಟಾ ತಿರುಗುತ್ತದೆ. ಗ್ರಿಲ್ ಮುಂದೆ ನ್ಯೂಸ್‌ಪೇಪರ್ ಹಾಳೆ ಹಿಡಿಯಿರಿ. ಒಳಕ್ಕೆ ಎಳೆದುಕೊಂಡು ಅಂಟಿಕೊಳ್ಳಬೇಕು. ಹಾರಿ ಬಂದರೆ ಎರಡು ವೈರ್ ಅದಲುಬದಲು ಮಾಡಿ.

ಆಮೇಲೆ ಸಂದಿಗಳು. ರೇಡಿಯೇಟರ್ ಕೂತಿರುವ ತಗಡಿನ ಮೇಲಂಚಿಗೂ ಬಾನೆಟ್‌ಗೂ ನಡುವೆ ಒಂದು ಸ್ಪಂಜಿನ ಪಟ್ಟಿ ಇರಬೇಕು. ಹಳೇ ಕಾರಲ್ಲಿ ಅದು ಪುಡಿಯಾಗಿ ಉದುರಿಹೋಗಿರುತ್ತದೆ. ಗಾಳಿಗೆ ಸುಲಭದ ದಾರಿ ಕಂಡರೆ ರೇಡಿಯೇಟರ್ ಒಳಗೆ ಯಾಕೆ ನುಗ್ಗುತ್ತೆ? ಚಿಲ್ಲರೆ ದುಡ್ಡಿನ ಪಟ್ಟಿ, ಮೊದಲು ಹಾಕಿ. ಗ್ರಿಲ್ ಮುಂದಿನ ದೊಡ್ಡ ದೀಪಗಳು, ಕ್ಲಬ್ ಬ್ಯಾಡ್ಜ್‌ಗಳ ಸಾಲು ಅಂದಕ್ಕೇನೋ ಸರಿ, ಬೇಸಿಗೆಯಲ್ಲಿ ತೆಗೆದಿಡಿ. ಆಯಿಲ್ ಕೂಲರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಡಿ. ಎಲೆ, ಹುಳ, ಧೂಳು ಹೆಪ್ಪುಗಟ್ಟಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆತ್ತನೆ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

## ಹಂತ 7: ಥರ್ಮೋಸ್ಟಾಟ್

ಮನೆಯ ನಟ್ ಬಿಚ್ಚುವುದೇ ಇಲ್ಲಿನ ದೊಡ್ಡ ಸಾಹಸ. ಅಲ್ಯೂಮಿನಿಯಂ ಮನೆ, ಕಬ್ಬಿಣದ ಸ್ಟಡ್, ನಡುವೆ ದಶಕಗಳ ತುಕ್ಕು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ನಟ್ ತಿರುಗುವಾಗ ರಬ್ಬರ್ ಎಳೆದಂತೆ ಅನ್ನಿಸಿದರೆ ಸ್ಟಡ್ ತಿರುಚಿಕೊಳ್ಳುತ್ತಿದೆ, ಆಗಲೇ ನಿಲ್ಲಿಸಿ. ಮತ್ತೆ ಎಣ್ಣೆ, ಸ್ವಲ್ಪ ಬಿಸಿ, ಹಿಂದೆ ಮುಂದೆ ಕಾಲು ಸುತ್ತು. ಮನೆ ಮೇಲೇಳದಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ, ಮರದ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ.

ತೆಗೆದ ಥರ್ಮೋಸ್ಟಾಟನ್ನು ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. 82 ಅಂತ ಬರೆದಿದ್ದರೆ ಅದರ ಆಸುಪಾಸಲ್ಲಿ ಬಾಯಿ ಬಿಡಲು ಶುರು ಮಾಡಬೇಕು. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಬೆಂಗಳೂರಿನಲ್ಲಿ 88ರ ಥರ್ಮೋಸ್ಟಾಟ್ ಹೀಗೆ ಪರೀಕ್ಷಿಸಿದರೆ ಪಾತ್ರೆಯ ನೀರು 97ಕ್ಕೇ ಕುದಿದು ನಿಲ್ಲುತ್ತದೆ, ಅದು ಪೂರ್ತಿ ತೆರೆದಿರುವುದಿಲ್ಲ. ಕೆಟ್ಟಿದೆ ಅಂತ ಎಸೆಯಬೇಡಿ.

ಎಂಜಿಬಿಗೆ 74, 82, 88 ಡಿಗ್ರಿಯವು ಸಿಗುತ್ತವೆ. 74 ಹಾಕಿದರೆ ಬಿಸಿ ಸಮಸ್ಯೆ ಹೋಗುತ್ತೆ ಅನ್ನುವುದು ತಪ್ಪು. ಥರ್ಮೋಸ್ಟಾಟ್ ಹೇಳುವುದು ಎಂಜಿನ್ ಕನಿಷ್ಠ ಎಷ್ಟು ಬಿಸಿ ಇರಬೇಕು ಅಂತ. 100 ಡಿಗ್ರಿ ಮುಟ್ಟಿದ ಎಂಜಿನ್‌ನಲ್ಲಿ ಮೂರೂ ಪೂರ್ತಿ ತೆರೆದೇ ಇರುತ್ತವೆ.

ಈಗ ಆ ಅಭ್ಯಾಸದ ವಿಷಯ. "ನಮ್ ದೇಶದ ಬಿಸಿಲಿಗೆ ಇದೆಲ್ಲ ಬೇಡ ಸಾರ್" ಅಂತ ಥರ್ಮೋಸ್ಟಾಟ್ ತೆಗೆದು ಮೂಲೆಗೆ ಎಸೆಯುವ ಮೆಕ್ಯಾನಿಕ್‌ಗಳು ಬೇಕಾದಷ್ಟು. ಬೇಡ ಅಂತ ವಿನಯವಾಗಿಯೇ ಹೇಳಿ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರಲು ಹೊತ್ತು ಹಿಡಿಯುತ್ತದೆ, ಆಯಿಲ್ ತೇವ ಆರುವುದಿಲ್ಲ, ಸಿಲಿಂಡರ್ ಸವೆತ ಹೆಚ್ಚುತ್ತದೆ. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಎರಕ) ಒಳಗೆ ಪಂಪ್ ಕಟ್ಟುವ ಒತ್ತಡವೂ ಇಳಿದು, ಎಕ್ಸಾಸ್ಟ್ ವಾಲ್ವ್ ಸುತ್ತ ನೀರು ಅಲ್ಲಲ್ಲೇ ಆವಿಯಾಗುವುದು ಸುಲಭವಾಗುತ್ತದೆ.

## ಹಂತ 8: ರೇಡಿಯೇಟರ್, ಪಂಪ್, ಬ್ಲಾಕ್‌ನ ಕೆಸರು

ಬಿಸಿ ಎಂಜಿನ್ ಓಡುತ್ತಿರುವಾಗ ರೇಡಿಯೇಟರ್‌ನ ಮೇಲಿನ, ಕೆಳಗಿನ ಟ್ಯಾಂಕ್ ಅಳೆಯಿರಿ. ಸಾಮಾನ್ಯವಾಗಿ ಐದರಿಂದ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದೆ. ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ನೀರು ನಿಧಾನ ಹರಿಯುತ್ತಿದೆ. ವ್ಯತ್ಯಾಸವೇ ಇಲ್ಲ, ಎರಡೂ ಕಡೆ ಸುಡುತ್ತಿದೆ ಅಂದರೆ ನೀರು ಬರುತ್ತಿದೆ, ಬಿಸಿ ಗಾಳಿಗೆ ಹೋಗುತ್ತಿಲ್ಲ. ಆಮೇಲೆ ಇಡೀ ಕೋರ್ (ಎರಡು ಟ್ಯಾಂಕ್ ನಡುವಿನ ಕೊಳವೆಗಳ ಭಾಗ) ಮೇಲೆ ಥರ್ಮಾಮೀಟರ್ ನಿಧಾನಕ್ಕೆ ಆಡಿಸಿ. ನಡುವೆ ಎಲ್ಲೋ ಒಂದು ಪಟ್ಟೆ ತಣ್ಣಗಿದ್ದರೆ ಆ ಕೊಳವೆಗಳು ಕಟ್ಟಿವೆ. ಹಿತ್ತಾಳೆ-ತಾಮ್ರದ ಮೂಲ ರೇಡಿಯೇಟರ್ ಇದ್ದರೆ ಎಸೆಯಬೇಡಿ. ಟ್ಯಾಂಕ್ ಬಿಚ್ಚಿ ಕೊಳವೆಗೆ ಕಡ್ಡಿ ಹೊಡೆದು ಕೊಡುವ, ಇಲ್ಲವೇ ಕೋರ್ ಬದಲಾಯಿಸುವ ರೇಡಿಯೇಟರ್ ಅಂಗಡಿಗಳು ಇನ್ನೂ ಇವೆ.

ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಎಂಜಿನ್ ವೇಗ 3000ಕ್ಕೆ ಏರಿಸಲು ಹೇಳಿ, ನೀವು ಫ್ಯಾನ್‌ನಿಂದ ದೂರ ನಿಂತು ಕೆಳಗಿನ ಹೋಸ್ ನೋಡಿ. ಪಂಪ್ ಎಳೆಯುವ ಜೋರಿಗೆ ಅದು ಚಪ್ಪಟೆಯಾದರೆ ಹೈವೇ ಬಿಸಿಯ ಕಾರಣ ಸಿಕ್ಕಿತು. ಎಂಜಿನ್ ಆರಿಸಿದಾಗ, ನಿಧಾನ ಓಡುವಾಗ ಅದು ದುಂಡಗೇ ಕಾಣುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಬ್ಲಾಕ್‌ನ ಕೆಸರು ಎಲ್ಲರೂ ಮರೆಯುವ ಸಂಗತಿ. ಹೊಸ ರೇಡಿಯೇಟರ್ ಹಾಕಿದರೂ ಸುಧಾರಿಸದ ಕಾರಿನಲ್ಲಿ ಬಹಳ ಸಲ ಇದೇ ಇರುತ್ತದೆ. ಸಿಲಿಂಡರ್‌ಗಳ ಸುತ್ತ ನೀರು ತುಂಬಿರುವ ಜಾಗದ ತಳದಲ್ಲಿ, ಅದರಲ್ಲೂ ಹಿಂದಿನ ನಾಲ್ಕನೇ ಸಿಲಿಂಡರ್ ಸುತ್ತ, ತುಕ್ಕು ಮತ್ತು ಎರಕದ ಮರಳು ಸೇರಿ ಗಟ್ಟಿಯಾಗಿ ಕೂರುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ಕಡೆ, ಬ್ಲಾಕ್‌ನ ಹಿಂತುದಿಯಲ್ಲಿ ಡ್ರೈನ್ ಟ್ಯಾಪ್ ಇದೆ. ತೆರೆಯಿರಿ. ಏನೂ ಬರದಿದ್ದರೆ ನೀರು ಖಾಲಿ ಅಂತಲ್ಲ, ಕೆಸರು ತುಂಬಿದೆ ಅಂತ. ಟ್ಯಾಪನ್ನೇ ಪೂರ್ತಿ ಬಿಚ್ಚಿ ಗಟ್ಟಿ ತಂತಿ ತೂರಿಸಿ ಕೆದಕಿ. ಮೊದಲು ಕಂದು ಗಸಿ ಇಣುಕುತ್ತದೆ, ಆಮೇಲೆ ಪೆಡಸು ಚೂರುಗಳು, ಕೊನೆಗೆ ಇಟ್ಟಿಗೆ ಬಣ್ಣದ ನೀರು ಭುಸ್ಸಂತ ಬರುತ್ತದೆ. ಥರ್ಮೋಸ್ಟಾಟ್ ತೆಗೆದ ಜಾಗದಿಂದ ಪೈಪಿನ ನೀರು ಬಿಟ್ಟು, ತಂತಿಯಾಡಿಸುತ್ತಾ, ತಿಳಿ ನೀರು ಬರುವವರೆಗೆ ಬಿಡಬೇಡಿ. ಈ ಕೆಲಸ ಮಾಡುವಾಗ ರೇಡಿಯೇಟರ್ ಕಳಚಿಟ್ಟಿರಿ. ಇಲ್ಲದಿದ್ದರೆ ಬ್ಲಾಕ್‌ನ ಕೊಳೆ ಹೋಗಿ ಅದರ ಕೊಳವೆಗಳಲ್ಲಿ ಕೂರುತ್ತದೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರವ ಇವನ್ನೆಲ್ಲ ಸುರಿಯಬೇಡಿ. ಸೋರುವ ತೂತು ಯಾವುದು, ಬೇಕಾದ ತೂತು ಯಾವುದು ಅಂತ ಅವಕ್ಕೆ ಗೊತ್ತಾಗಲ್ಲ.

## ಹಂತ 9: ತುಂಬಿಸುವ ಕ್ರಮ

ಬೋರ್‌ವೆಲ್ ನೀರು ಬೇಡವೇ ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ. ಹಿಮ ಬೀಳುವ ಊರಲ್ಲಿ ಕೂಲೆಂಟ್, ನೀರು ಅರ್ಧರ್ಧ. ಅದು ಮೈನಸ್ 37 ಡಿಗ್ರಿ ಹತ್ತಿರದವರೆಗೂ ಹೆಪ್ಪುಗಟ್ಟುವುದಿಲ್ಲ. ಹಿಮವೇ ಇಲ್ಲದ ಕಡೆ ಮೂರನೇ ಒಂದು ಭಾಗ ಕೂಲೆಂಟ್ ಸಾಕು. ಬಿಸಿ ಹೊರುವುದರಲ್ಲಿ ಕೂಲೆಂಟ್‌ಗಿಂತ ನೀರೇ ವಾಸಿ, ಆದ್ದರಿಂದ ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನುವುದು ಉಲ್ಟಾ ಲೆಕ್ಕ. ಆದರೆ ಬರೀ ನೀರೂ ಬೇಡ, ತುಕ್ಕು. ಹಿತ್ತಾಳೆ-ತಾಮ್ರ ರೇಡಿಯೇಟರ್‌ಗೆ ಸೂಕ್ತ ಅಂತ ಡಬ್ಬದ ಮೇಲೆ ಬರೆದಿರುವುದನ್ನೇ ಕೊಳ್ಳಿ, ಎರಡು ಥರದವನ್ನು ಬೆರೆಸಬೇಡಿ.

1. ಕಾರಿನ ಮೂತಿ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.
2. ಹೀಟರ್ ಟ್ಯಾಪ್ ಪೂರ್ತಿ ಬಿಸಿಗೆ ತಿರುಗಿಸಿ. ಮುಚ್ಚಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.
3. ಥರ್ಮೋಸ್ಟಾಟ್‌ನಲ್ಲಿ ಗಾಳಿ ಬಿಡುವ ಸಣ್ಣ ತೂತು ಇಲ್ಲದಿದ್ದರೆ ಅಂಚಿನಲ್ಲಿ 3 ಮಿಮೀ ತೂತು ಕೊರೆದು ಕೂರಿಸಿ.
4. ನಿಧಾನಕ್ಕೆ ಸುರಿಯುತ್ತಾ, ಮೇಲಿನ ಹೋಸ್ ಹಿಂಡುತ್ತಾ ಹೋಗಿ. ಸಿಸ್ಟಂಗೆ ಐದೂವರೆ ಲೀಟರ್ ಆಸುಪಾಸು ಹಿಡಿಯುತ್ತದೆ, ಕೊನೆ ವರ್ಷಗಳ ಕಾರಿಗೆ ಇನ್ನೂ ಸ್ವಲ್ಪ. ಮೂರೂವರೆ ಲೀಟರ್‌ಗೇ ತುಂಬಿತು ಅನ್ನಿಸಿದರೆ ಉಳಿದದ್ದು ಗಾಳಿ.
5. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಧಡಕ್ಕಂತ ಇಳಿಯುತ್ತದೆ. ಅಷ್ಟನ್ನು ಸೇರಿಸಿ ಕ್ಯಾಪ್ ಹಾಕಿ.

ಹೀಟರ್‌ನಿಂದ ಬಿಸಿ ಗಾಳಿ ಬಂದರೆ ನೀರು ಸುತ್ತುತ್ತಿದೆ. ಮುಳ್ಳು ಮೇಲಿದ್ದೂ ಹೀಟರ್ ತಣ್ಣಗಿದ್ದರೆ ಒಳಗೆ ಇನ್ನೂ ಗಾಳಿ ಇದೆ, ಅಥವಾ ನೀರು ಸಾಲದು. ಆರಿಸಿ, ತಣಿಯಲು ಬಿಟ್ಟು ಮತ್ತೆ ಶುರು ಮಾಡಿ.

## ರಸ್ತೆಯಲ್ಲಿ ಮುಳ್ಳು ಏರಿದರೆ

ಹೀಟರ್ ಪೂರ್ತಿ ಬಿಸಿಗೆ, ಅದರ ಫ್ಯಾನ್ ಜೋರಿಗೆ. ಏಪ್ರಿಲ್ ಬಿಸಿಲಲ್ಲಿ ಇದು ಹಿಂಸೆ, ಆದರೆ ಹೀಟರ್ ಅಂದರೆ ಇನ್ನೊಂದು ಸಣ್ಣ ರೇಡಿಯೇಟರ್. ಟ್ರಾಫಿಕ್‌ನಲ್ಲಿ ಸಿಕ್ಕಿ ಏರುತ್ತಿದ್ದರೆ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ವೇಗ 1500ರಷ್ಟು ಇಡಿ. ಫ್ಯಾನೂ ಪಂಪೂ ಎರಡೂ ಜೋರಾಗುತ್ತವೆ. ಎಲೆಕ್ಟ್ರಿಕ್ ಫ್ಯಾನ್ ಇದ್ದವರಿಗೆ ಇದರಿಂದ ಲಾಭ ಕಡಿಮೆ.

ಆವಿ ಕಂಡರೆ, ಕೂಲೆಂಟ್‌ನ ಸಿಹಿ ವಾಸನೆ ಬಂದರೆ, ಅಥವಾ ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಆಗಲೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಮುಳ್ಳು ಬಿದ್ದಾಗ ಬಹಳ ಜನ ನಿಟ್ಟುಸಿರು ಬಿಡುತ್ತಾರೆ. ನೀರೆಲ್ಲ ಹೋಗಿ ಸೆಂಡರ್ ಬರೀ ಆವಿಯಲ್ಲಿದೆ ಅಂತಲೂ ಅದರ ಅರ್ಥ ಆಗಬಹುದು. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಒಂದು ಗಂಟೆಯಾದರೂ ಬಿಡಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಸ್ವಲ್ಪಸ್ವಲ್ಪವೇ ಸೇರಿಸಿ.

## ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ

ಹೋಸ್‌ಗಳನ್ನು ಕ್ಲಿಪ್ ಪಕ್ಕದಲ್ಲೇ ಹಿಂಡಿ ನೋಡಿ, ಬಿರುಕು ಮೊದಲು ಬರುವುದು ಅಲ್ಲೇ. ಬೆಲ್ಟ್‌ನ ಒಳಬದಿ ನೋಡಿ. ಕ್ಯಾಪ್ ರಬ್ಬರ್ ನೋಡಿ. ಕೂಲೆಂಟ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಪ್ರತಿ ಸಲವೂ ಬ್ಲಾಕ್ ಟ್ಯಾಪ್ ತೆರೆದು ತಂತಿ ಆಡಿಸಿ. ಬರೀ ರೇಡಿಯೇಟರ್ ಖಾಲಿ ಮಾಡಿದರೆ ಹಳೇ ಕೂಲೆಂಟ್‌ನ ದೊಡ್ಡ ಪಾಲು ಬ್ಲಾಕ್‌ನಲ್ಲೇ ಉಳಿಯುತ್ತದೆ.

ಕಾರು ಚೆನ್ನಾಗಿ ಓಡುತ್ತಿರುವಾಗ ಒಂದು ಸಲ ಥರ್ಮೋಸ್ಟಾಟ್ ಮನೆ, ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಮೂರರ ಬಿಸಿ ಅಳೆದು, ಆ ದಿನದ ಹವೆಯ ಉಷ್ಣತೆ ಸಮೇತ ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿ. ಮುಂದೆ ಮುಳ್ಳು ಏರಿದಾಗ ಎಷ್ಟು ಏರಿದೆ, ಎಲ್ಲಿ ಏರಿದೆ ಅಂತ ಹೋಲಿಸಲು ನಿಮ್ಮದೇ ಕಾರಿನ ಸಂಖ್ಯೆ ಕೈಯಲ್ಲಿರುತ್ತದೆ.